ಮನೆ ವೈರಿಂಗ್: ಕೆಲಸ ಒಬ್ಬರದು, ಸಹಿ ಇನ್ನೊಬ್ಬರದು

ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಬರಿಗಾಲಲ್ಲಿ ನಿಂತು ಫ್ರಿಜ್ಜಿನ ಬಾಗಿಲು ಹಿಡಿದರೆ ಚುರುಕ್ ಎನ್ನುತ್ತದೆ. ಮಳೆ ಬಂದ ದಿನ ಸಂಪಿನ ಮೋಟರ್ ಸ್ವಿಚ್ ಹಾಕಲು ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ವೈರಿಂಗ್ ಮಾಡಿದ ಹುಡುಗನಿಗೆ ಫೋನ್ ಮಾಡಿದರೆ, ‘ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹುಯ್ದುಬುಡಿ ಅಣ್ಣ, ಸರಿಹೋಯ್ತದೆ’ ಎಂಬ ಉತ್ತರ ಬರುತ್ತದೆ. ನೀರು ಹಾಕಿದ ಮೇಲೆ ನಾಲ್ಕು ದಿನ ಸರಿಹೋಗುವುದೂ ಉಂಟು. ಐದನೆಯ ದಿನ ಮತ್ತೆ ಜುಮ್ಮೆನ್ನುತ್ತದೆ.

ಮಂಡ್ಯದ ಹೊಸ ಬಡಾವಣೆಯಾಗಲಿ, ಮದ್ದೂರು, ಮಳವಳ್ಳಿಯ ಹಳ್ಳಿಯಾಗಲಿ, ಈ ದೂರು ಇಲ್ಲದ ಬೀದಿ ಕಡಿಮೆ. ಕರೆಂಟಿಗೆ ನಾವು ಹೊಸಬರೇನಲ್ಲ. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಕಳಿಸಿದ ಶಿವನಸಮುದ್ರದ ಉತ್ಪಾದನಾ ಕೇಂದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲೇ. ಶಿಂಷಾದ ಕೇಂದ್ರವೂ ಅದೇ ತಾಲ್ಲೂಕಿನದು. ಕರೆಂಟು ಹುಟ್ಟುವ ಸೀಮೆಯಲ್ಲಿ ಕರೆಂಟಿನ ಕೆಲಸ ಇಷ್ಟು ಸಡಿಲವಾದದ್ದು ಹೇಗೆ ಎಂದು ಬೇಸರಪಡುವುದಕ್ಕಿಂತ, ನಿಮ್ಮ ಮನೆಯ ಕೆಲಸವನ್ನು ನೀವೇ ಹೇಗೆ ಪರೀಕ್ಷಿಸಿಕೊಳ್ಳಬಹುದು ಎಂದು ತಿಳಿಯುವುದು ಲೇಸು.

ಕಾಗದದ ಮೇಲಿನ ಕಾವಲು

ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೇ ಬದಲಿಸುವುದಕ್ಕೆ ಯಾರ ಅನುಮತಿಯೂ ಬೇಡ. ಅದಕ್ಕಿಂತ ಹೆಚ್ಚಿನ ಯಾವುದೇ ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಮಾಡಿಸಬೇಕು. ಅರ್ಹತಾ ಪತ್ರವಿರುವ ಮೇಲ್ವಿಚಾರಕರು ಸ್ಥಳದಲ್ಲಿ ನಿಂತು ನೋಡಿಕೊಳ್ಳಬೇಕು. ತಂತಿ ಎಳೆಯುವವನ ಬಳಿಯೂ ವೈರ್‌ಮನ್ ಪರ್ಮಿಟ್ ಇರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುವುದು ಇದನ್ನೇ. ಕರ್ನಾಟಕದಲ್ಲಿ ಈ ಲೈಸೆನ್ಸು, ಪರ್ಮಿಟ್ಟುಗಳನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮಂಡ್ಯ ಜಿಲ್ಲೆಗೆ ವಿದ್ಯುತ್ ಕೊಡುವ ಸೆಸ್ಕ್, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಹೊಸ ಮನೆಗೆ ಸಂಪರ್ಕ ಕೊಡುವ ಮುನ್ನ ಗುತ್ತಿಗೆದಾರರ ಸಹಿ ಇರುವ, ಕೆಲಸ ಮುಗಿದ ಹಾಗೂ ಪರೀಕ್ಷೆ ಮಾಡಿದ ವರದಿ ಕೇಳುತ್ತದೆ.

ನಡೆಯುವುದು ಬೇರೆ. ಗಾರೆ ಮೇಸ್ತ್ರಿ ತನಗೆ ಗೊತ್ತಿರುವ ಹುಡುಗನನ್ನು ಕರೆತರುತ್ತಾನೆ. ಹುಡುಗ ಪಾಯಿಂಟಿಗೆ ಇಷ್ಟು ಎಂದು ಕೆಲಸ ಒಪ್ಪಿಕೊಳ್ಳುತ್ತಾನೆ. ಮೀಟರ್ ಹಾಕಿಸುವ ಹೊತ್ತಿಗೆ ಲೈಸೆನ್ಸ್ ಇರುವ ಬೇರೊಬ್ಬರ ಸಹಿ ವರದಿಯ ಮೇಲೆ ಬೀಳುತ್ತದೆ. ಬಹಳ ಮನೆಗಳಲ್ಲಿ ಸಹಿ ಹಾಕಿದವರು ಮನೆಯ ಮುಖ ನೋಡಿರುವುದಿಲ್ಲ. 15 ಮೀಟರ್‌ಗಿಂತ ಎತ್ತರದ ಕಟ್ಟಡವಾದರೆ ಸರ್ಕಾರಿ ಪರಿವೀಕ್ಷಕರ ತಪಾಸಣೆ ಇದೆ. ನಿಮ್ಮ ಒಂದಂತಸ್ತು, ಎರಡಂತಸ್ತಿನ ಮನೆಗೆ ಆ ಒಂದು ಸಹಿಯೇ ಕಾವಲು.

ಹುಡುಗರನ್ನೇ ಬಯ್ದು ಪ್ರಯೋಜನವಿಲ್ಲ. ಐಟಿಐ ಎಲೆಕ್ಟ್ರಿಷಿಯನ್ ಕೋರ್ಸು 2 ವರ್ಷದ್ದು. ಓದಿದವರಲ್ಲಿ ಬಹಳ ಮಂದಿ ಕಾರ್ಖಾನೆಗೆ ಹೋಗುತ್ತಾರೆ. ಊರಲ್ಲಿ ಉಳಿದವರು ಯಾರದೋ ಹಿಂದೆ ಟೂಲ್ ಬ್ಯಾಗ್ ಹೊತ್ತುಕೊಂಡು ಕೆಲಸ ಕಲಿತವರು. ಹೇಗೆ ಮಾಡುವುದು ಎಂದು ನೋಡಿ ಕಲಿತಿದ್ದಾರೆ, ಯಾಕೆ ಮಾಡುವುದು ಎಂದು ಅವರಿಗೆ ಯಾರೂ ಹೇಳಿಲ್ಲ. ಗ್ರಾನೈಟಿಗೆ, ಫಾಲ್ಸ್ ಸೀಲಿಂಗಿಗೆ ಧಾರಾಳವಾಗಿ ಖರ್ಚು ಮಾಡಿ, ಗೋಡೆಯೊಳಗೆ ಹೋಗುವ ತಂತಿಗೆ ಬಂದಾಗ ಚೌಕಾಸಿಗೆ ಇಳಿಯುವ ನಾವೂ ಇದರಲ್ಲಿ ಪಾಲುದಾರರೇ.

ಎಂಸಿಬಿ ಇದ್ದರೂ ಶಾಕ್ ಹೊಡೆಯುವುದು ಏಕೆ?

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. 16 ಆಂಪಿಯರ್ ಎಂಸಿಬಿ ಎಂದರೆ 16 ಆಂಪಿಯರ್ ದಾಟುವವರೆಗೆ ಅದು ಸುಮ್ಮನಿರುತ್ತದೆ. ಒದ್ದೆ ಮೈಯಲ್ಲಿ 230 ವೋಲ್ಟ್ ತಾಗಿದರೆ ದೇಹದಲ್ಲಿ ಹರಿಯುವುದು ಹೆಚ್ಚೆಂದರೆ ಕಾಲು ಆಂಪಿಯರ್ ಆಸುಪಾಸು. ಪ್ರಾಣ ಹೋಗಲು ಅಷ್ಟು ಬೇಕಾದಷ್ಟಾಯಿತು. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

‘ನಮ್ಮನೇಲಿ ಅರ್ಥಿಂಗ್ ಇದೆಯಲ್ಲ’ ಎನ್ನುತ್ತೀರಿ. ಲೆಕ್ಕ ನೋಡಿ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್ ಬೇರೆ, ನಿಮ್ಮ ಮನೆಯ ಗುಂಡಿ ಬೇರೆ. ಎರಡರ ನಡುವೆ ಇರುವುದು ಬರೀ ಮಣ್ಣು. ನಿಮ್ಮ ಗುಂಡಿಯ ರೋಧ 10 ಓಮ್, ಟ್ರಾನ್ಸ್‌ಫಾರ್ಮರಿನದು 5 ಓಮ್ ಎಂದಿಟ್ಟುಕೊಳ್ಳಿ. ಗೀಸರಿನ ಫೇಸ್ ತಂತಿ ಅದರ ಮೈಗೆ ತಾಗಿದರೆ ಹರಿಯುವುದು ಸುಮಾರು 15 ಆಂಪಿಯರ್. ಎಂಸಿಬಿ ಇದನ್ನು ಮಾಮೂಲಿ ಲೋಡ್ ಎಂದೇ ತಿಳಿಯುತ್ತದೆ. ಅಷ್ಟು ಹೊತ್ತೂ ಗೀಸರಿನ ಮೈಮೇಲೆ 150 ವೋಲ್ಟ್ ಕುಳಿತಿರುತ್ತದೆ. ಎರಡು ಕೊಡ ನೀರು ಹಾಕಿದರೆ ರೋಧ ಕೊಂಚ ಇಳಿದು ಜುಮ್ಮೆನ್ನುವುದು ಕಡಿಮೆಯಾಗುತ್ತದೆ. ಸೋರುವ ಕರೆಂಟು ಸೋರುತ್ತಲೇ ಇರುತ್ತದೆ. ನಾಲೆ ಬಯಲಿನ ಊರುಗಳಲ್ಲಿ ನೆಲ ತೇವವಿರುವುದರಿಂದ ಈ ದೋಷ ಮುಚ್ಚಿಹೋಗುತ್ತದೆ. ನಾಲೆ ನೀರು ಕಾಣದ ಕೆಮ್ಮಣ್ಣಿನ ಊರುಗಳಲ್ಲಿ ಬೇಸಿಗೆ ಬಂದರೆ ತಾನೇ ಹೊರಬೀಳುತ್ತದೆ.

ಇದಕ್ಕೆ ಮದ್ದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೂ, ಅಂದರೆ ಅಷ್ಟು ಕರೆಂಟು ನೆಲಕ್ಕೋ ನಿಮ್ಮ ಮೈಗೋ ಹೋಗುತ್ತಿದೆ ಎಂದು ಗೊತ್ತಾದರೂ, ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. 2023ರ ಸುರಕ್ಷತಾ ನಿಯಮಗಳು ಮನೆಗಳಿಗೆ ಹೇಳಿರುವ ಮಿತಿಯೂ ಈ 30 ಮಿಲಿ ಆಂಪಿಯರೇ. ಅಂಗಡಿಯಲ್ಲಿ 100 ಮತ್ತು 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು ನೆರವಾಗುತ್ತವೆ, ಜೀವ ಉಳಿಸಲು ಸಾಲವು. ಡಬ್ಬಿಯ ಮೇಲಿನ ಅಂಕಿ ಓದಿಯೇ ತನ್ನಿ.

ಕೆಲಸ ಮಾಡಿಸುವ ಕ್ರಮ

1. ಮೊದಲು ಪರ್ಮಿಟ್ ಕೇಳಿ. ಕೆಲಸ ಮಾಡುವವರ ಪರ್ಮಿಟ್ ಸಂಖ್ಯೆ, ವರದಿಗೆ ಸಹಿ ಹಾಕುವ ಗುತ್ತಿಗೆದಾರರ ಲೈಸೆನ್ಸ್ ಸಂಖ್ಯೆ, ಎರಡೂ ಎಲ್ಲಿಯವರೆಗೆ ಚಾಲ್ತಿಯಲ್ಲಿವೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಸಹಿ ಹಾಕುವವರು ಕನಿಷ್ಠ ಎರಡು ಸಲ, ಗೋಡೆಗೆ ಗಾರೆ ಮೆತ್ತುವ ಮುನ್ನ ಒಮ್ಮೆ ಮತ್ತು ಕೊನೆಯ ಪರೀಕ್ಷೆಯ ದಿನ ಒಮ್ಮೆ, ಮನೆಗೆ ಬರಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಕೇಳಲು ಸಂಕೋಚವೇಕೆ? ದುಡ್ಡು ಕೊಡುವವರು ನೀವು.

2. ಪಾಯಿಂಟ್ ಲೆಕ್ಕದ ಒಪ್ಪಂದವೊಂದನ್ನೇ ನಂಬಬೇಡಿ. ಪಾಯಿಂಟಿಗೆ ಇಷ್ಟು ಎಂದರೆ ಒಂದೇ ತಂತಿಯಿಂದ ಹತ್ತು ಪಾಯಿಂಟಿಗೆ ಲೂಪ್ ಕೊಟ್ಟು ಮುಗಿಸುವ ಆಸೆ ಯಾರಿಗಾದರೂ ಬರುತ್ತದೆ. ಒಂದು ಹಾಳೆಯಲ್ಲಿ ಹೀಗೆ ಬರೆಸಿ: ದೀಪ, ಫ್ಯಾನಿಗೆ 1.5 ಚದರ ಮಿ.ಮೀ. ತಾಮ್ರದ ತಂತಿ, ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮೆಷಿನ್ ಸಾಕೆಟ್ಟುಗಳಿಗೆ 2.5, ಗೀಸರು, ಎಸಿಗೆ ಡಿಬಿಯಿಂದ (ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ) ನೇರವಾಗಿ 4. ಪ್ರತಿ ಸಾಕೆಟ್ಟಿಗೂ ಹಸಿರು ಅರ್ಥ್ ತಂತಿ. ಪ್ರತಿ ಸರ್ಕ್ಯೂಟಿಗೂ ಅದರದೇ ನ್ಯೂಟ್ರಲ್.

3. ಸಾಮಾನು ನೀವೇ ಕೊಳ್ಳಿ, ಬಿಲ್ ಪಡೆಯಿರಿ. ಐಎಸ್‌ಐ ಗುರುತಿನ ಜೊತೆ ಇರುವ ಲೈಸೆನ್ಸ್ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ತಂತಿಯ ಕಾಯಿಲ್ ಸಾಮಾನ್ಯವಾಗಿ 90 ಮೀಟರಿನದು. ತೀರಾ ಅಗ್ಗಕ್ಕೆ ಸಿಕ್ಕಿದರೆ ಉದ್ದದಲ್ಲೋ ತಾಮ್ರದ ದಪ್ಪದಲ್ಲೋ ಕಳೆದಿರುತ್ತಾರೆ.

4. ಗಾರೆ ಮೆತ್ತುವ ಮುನ್ನ ಎಲ್ಲ ಗೋಡೆಗಳ ಫೋಟೊ ತೆಗೆಯಿರಿ. ಪಕ್ಕದಲ್ಲಿ ಟೇಪ್ ಹಿಡಿದು ಪೈಪು ಎಲ್ಲಿ ಹಾದಿದೆ ಎಂಬುದು ಕಾಣುವಂತಿರಲಿ. ನಾಳೆ ಮೊಳೆ ಹೊಡೆಯುವಾಗ, ಡ್ರಿಲ್ ಹಾಕುವಾಗ ಇದೇ ನಕ್ಷೆ. ಪೈಪಿನೊಳಗೆ ಎಲ್ಲೂ ತಂತಿಗೆ ಗಂಟು ಹಾಕಬಾರದು. ಜೋಡಣೆ ಏನಿದ್ದರೂ ಬಾಕ್ಸಿನೊಳಗೆ, ಕನೆಕ್ಟರ್ ಹಾಕಿಯೇ ಆಗಬೇಕು.

5. ಕೊನೆಯ ದಿನ ನಿಮ್ಮೆದುರಿಗೇ ಪರೀಕ್ಷೆ ಮಾಡಿಸಿ. ಕೇಳಬೇಕಾದ್ದು ನಾಲ್ಕು. ಮೆಗ್ಗರ್‌ನಿಂದ 500 ವೋಲ್ಟ್ ಕೊಟ್ಟು ತಂತಿಗಳ ಇನ್ಸುಲೇಶನ್ ಅಳೆಯುವುದು: 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಒಪ್ಪಬೇಡಿ, ಹೊಸ ತಂತಿಯಲ್ಲಿ ಇದರ ಎಷ್ಟೋ ಪಟ್ಟು ಬರುತ್ತದೆ. ಅರ್ಥ್ ಟೆಸ್ಟರ್‌ನಿಂದ ಗುಂಡಿಯ ರೋಧ ಅಳೆಯುವುದು. ಸ್ವಿಚ್ಚುಗಳು ಫೇಸ್ ತಂತಿಯಲ್ಲೇ ಇವೆಯೇ ಎಂದು ಒಂದೊಂದನ್ನೂ ನೋಡುವುದು. ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿ ಟ್ರಿಪ್ ಆಗುವುದನ್ನು ಕಾಣುವುದು. ಬಂದ ಅಂಕಿಗಳನ್ನು ವರದಿಯಲ್ಲಿ ಬರೆಸಿ ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಮೆಗ್ಗರ್ ಎಂದರೇನು ಎಂದು ನಿಮ್ಮನ್ನೇ ತಿರುಗಿ ಕೇಳಿದರೆ, ಆ ವ್ಯಕ್ತಿಗೆ ಕೆಲಸ ಕೊಡಬಾರದಿತ್ತು ಎಂದೇ ಅರ್ಥ.

6. ಪರೀಕ್ಷೆ ಮುಗಿದು ವರದಿ ಕೈಗೆ ಬರುವವರೆಗೆ ಕೂಲಿಯ ಕೊನೆಯ ಕಂತು ನಿಮ್ಮ ಬಳಿಯೇ ಇರಲಿ.

ಎಲ್ಲೆಲ್ಲೂ ಕಾಣುವ ತಪ್ಪುಗಳು

ಬಲ್ಬು ಉರಿಯಿತು, ಅರ್ಥಿಂಗ್ ಸರಿಯಿದೆ ಎನ್ನುವುದು. ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಬಲ್ಬು ಹಿಡಿದು ತೋರಿಸಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಆ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ. ಗುಂಡಿಯ ರೋಧ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕಿ ಝಗ್ಗನೆ ಉರಿಯುತ್ತದೆ. 50 ಓಮಿನ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಅಂದಹಾಗೆ, ಆರ್‌ಸಿಸಿಬಿ ಇರುವ ಮನೆಯಲ್ಲಿ ಹೀಗೆ ಹಿಡಿದರೆ ಬಲ್ಬು ಉರಿಯಲೇಬಾರದು, ತಕ್ಷಣ ಟ್ರಿಪ್ ಆಗಬೇಕು.

ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡುವುದು. ಎಲ್ಲೋ ಒಳಗೆ ನ್ಯೂಟ್ರಲ್ ಕಡಿದುಹೋಗಿದೆ, ಗೋಡೆ ಒಡೆಯಲು ಯಾರಿಗೂ ಮನಸ್ಸಿಲ್ಲ. ‘ಸದ್ಯಕ್ಕೆ’ ಅರ್ಥ್‌ನಿಂದ ಕೊಡುತ್ತಾರೆ. ಆ ಸದ್ಯ ಹತ್ತು ವರ್ಷ ನಡೆಯುತ್ತದೆ. ಬೇಸಿಗೆಯಲ್ಲಿ ಗುಂಡಿ ಒಣಗಿದ ದಿನ, ಆ ಅರ್ಥ್ ತಂತಿಗೆ ಸೇರಿರುವ ಫ್ರಿಜ್ಜು, ಮೋಟರು, ಗ್ರೈಂಡರು ಎಲ್ಲದರ ಮೈಗೂ ಕರೆಂಟು ಬರುತ್ತದೆ. ಇಷ್ಟು ಅಪಾಯದ ಕೆಲಸ ಮನೆ ವೈರಿಂಗಿನಲ್ಲಿ ಮತ್ತೊಂದಿಲ್ಲ. ಮಾಡಿದವರನ್ನು ಮತ್ತೆ ಮನೆ ಹೊಸಿಲು ಹತ್ತಿಸಬೇಡಿ.

ಆರ್‌ಸಿಸಿಬಿ ತೆಗೆದುಹಾಕುವುದು. ‘ಪದೇ ಪದೇ ಬೀಳ್ತದೆ, ಅದು ವೇಸ್ಟು’ ಎಂದು ಬೈಪಾಸ್ ಮಾಡಿಬಿಡುತ್ತಾರೆ. ಅದು ಬೀಳುವುದಕ್ಕೆ ಕಾರಣ ಇದ್ದೇ ಇರುತ್ತದೆ: ನೀರು ಕುಡಿದ ಹೊರಗಿನ ದೀಪ, ಸಂಪಿನ ಮೋಟರು, ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಬೆರೆತಿರುವುದು, ಇಲ್ಲವೇ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿರುವುದು. ಕೊನೆಯ ದೋಷ ಹುಡುಕುವಾಗ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿದರೆ ಸಾಲದು. ಸಾಮಾನ್ಯ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್‌ಗಳನ್ನೂ ಬಿಚ್ಚಿ ನೋಡಬೇಕು. ಇದು ಗೊತ್ತಿಲ್ಲದವರು ಒಂದು ದಿನವಿಡೀ ಹುಡುಕಿ, ಕೊನೆಗೆ ಆರ್‌ಸಿಸಿಬಿಯನ್ನೇ ಕಿತ್ತುಹೋಗುತ್ತಾರೆ.

ಸಡಿಲ ಜೋಡಣೆ. 3,000 ವ್ಯಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಸ್ಕ್ರೂ ಸಡಿಲವಾಗಿ ಅಲ್ಲಿ ಬರೀ ಅರ್ಧ ಓಮ್ ರೋಧ ಬಂದರೂ 80 ವ್ಯಾಟಿಗೂ ಹೆಚ್ಚು ಬಿಸಿ ಆ ಒಂದು ಚುಕ್ಕೆಯಲ್ಲಿ ಹುಟ್ಟುತ್ತದೆ. ಕರೆಂಟಿನ ಪ್ರಮಾಣ ಮಾಮೂಲಿಯಷ್ಟೇ ಇರುವುದರಿಂದ ಎಂಸಿಬಿಗೂ ಆರ್‌ಸಿಸಿಬಿಗೂ ಇದು ತಿಳಿಯುವುದಿಲ್ಲ. ನಿಮ್ಮ ಮೂಗಿಗೆ ತಿಳಿಯುತ್ತದೆ. ಸ್ವಿಚ್ ಬೋರ್ಡಿನ ಹತ್ತಿರ ಸುಟ್ಟ ಮೀನಿನಂಥ ವಾಸನೆ ಬಂದರೆ, ಪ್ಲಾಸ್ಟಿಕ್ ಹಳದಿಗಟ್ಟಿದರೆ, ಆ ಪಾಯಿಂಟ್ ಬಳಸುವುದನ್ನು ಅಂದೇ ನಿಲ್ಲಿಸಿ.

ಫ್ಯೂಸಿಗೆ ವೈರಿನ ಎಳೆ ಕಟ್ಟುವುದು, ಎಂಸಿಬಿ ಬೀಳುತ್ತದೆಂದು ದೊಡ್ಡ ಎಂಸಿಬಿ ಹಾಕುವುದು, ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವುದು: ಇವೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಮಾಡುವುದನ್ನು ಬಿಡಬೇಕು, ಅಷ್ಟೆ.

ಹಳೆಯ ಮನೆ, ಕೊಟ್ಟಿಗೆ, ಹುಳು ಮನೆ

ಹಳೆಯ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ತಂತಿ ಎರಡು ಬಲ್ಬು, ಒಂದು ರೇಡಿಯೋಗೆ ಎಂದು ಹಾಕಿದ್ದು. ಈಗ ಅದೇ ತಂತಿಗೆ ಫ್ರಿಜ್ಜು, ಗ್ರೈಂಡರು, ಇಸ್ತ್ರಿಪೆಟ್ಟಿಗೆ. ಪೂರ್ತಿ ಬದಲಿಸಲು ಈಗ ಕೈಯಲ್ಲಿ ಹಣ ಇಲ್ಲದಿದ್ದರೆ, ದೊಡ್ಡ ಲೋಡಿನವಕ್ಕೆ ಮಾತ್ರ ಮೀಟರ್ ಬೋರ್ಡಿನಿಂದ ಹೊಸ ತಂತಿ ಎಳೆಸಿ, ಮೇನ್ ಸ್ವಿಚ್ಚಿನ ಹತ್ತಿರ ಆರ್‌ಸಿಸಿಬಿ ಕೂರಿಸಿ. ಹಳೆ ವೈರಿಂಗಿಗೆ ಆರ್‌ಸಿಸಿಬಿ ನಿಲ್ಲುವುದಿಲ್ಲ ಎಂದು ಹೇಳಿದರೆ, ಹಳೆ ವೈರಿಂಗ್ ಸೋರುತ್ತಿದೆ ಎಂದೇ ತಿಳಿಯಿರಿ.

ಹೈನುಗಾರಿಕೆ ಇರುವ ಮನೆಗಳು ಕೊಟ್ಟಿಗೆಯನ್ನು ಮರೆಯಬಾರದು. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಈಗ ಸಣ್ಣ ಕೊಟ್ಟಿಗೆಗೂ ಬಂದಿವೆ. ನೆಲ ಸದಾ ಒದ್ದೆ. ದನ ನಾಲ್ಕು ಕಾಲಲ್ಲಿ ಆ ಒದ್ದೆಯಲ್ಲೇ ನಿಂತಿರುತ್ತದೆ. ಮನುಷ್ಯರಿಗೆ ಗೊತ್ತೇ ಆಗದಷ್ಟು ಸಣ್ಣ ವೋಲ್ಟೇಜೂ ಅದಕ್ಕೆ ತಟ್ಟುತ್ತದೆ. ಹಸು ಯಂತ್ರ ಕಂಡರೆ ಒದೆಯುತ್ತಿದೆ, ಕಬ್ಬಿಣದ ಗೋದಲಿಗೆ ಬಾಯಿ ಹಾಕಲು ಹಿಂಜರಿಯುತ್ತಿದೆ ಎಂದರೆ ಪಶುವೈದ್ಯರ ಜೊತೆಗೆ ಎಲೆಕ್ಟ್ರಿಷಿಯನ್ನರನ್ನೂ ಕರೆಸಿ. ರೇಷ್ಮೆ ಹುಳು ಮನೆಯದೂ ಇಂಥದೇ ಕಥೆ: ಚಳಿಗಾಲದಲ್ಲಿ ರಾತ್ರಿಯಿಡೀ ಹೀಟರ್, ಅದಕ್ಕೆ ಎಳೆದದ್ದು ತೆಳ್ಳನೆಯ ಎಕ್ಸ್‌ಟೆನ್ಶನ್ ವೈರು, ಸುತ್ತ ಒಣಗಿದ ಕಡ್ಡಿ ಮತ್ತು ಹುಳು ಗೂಡು ಕಟ್ಟುವ ಚಂದ್ರಿಕೆ. ಅಲ್ಲಿಗೆ ಪ್ರತ್ಯೇಕ ಸರ್ಕ್ಯೂಟ್ ಬೇಕೇ ಬೇಕು.

ಮನೆಯವರೇ ಮಾಡಬಹುದಾದ ಪರೀಕ್ಷೆ

ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜು, ಟಿವಿ, ಯುಪಿಎಸ್ ಪ್ಲಗ್ ಕಿತ್ತಿಡಿ. ಮೇನ್ ಮಾತ್ರ ಆನ್ ಇರಲಿ. ಈಗ ಮೀಟರಿನ ಕೆಂಪು ದೀಪ ಮಿಣುಕುವುದು ನಿಲ್ಲಬೇಕು. ಹತ್ತು ನಿಮಿಷ ಕಾದರೂ ಮಿಣುಕುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ನಿಮಗೆ ಗೊತ್ತಿಲ್ಲದ ಸಂಪರ್ಕ ಇದೆ. 1 ಆಂಪಿಯರ್ ಸೋರಿದರೂ ದಿನಕ್ಕೆ ಸುಮಾರು ಐದೂವರೆ ಯೂನಿಟ್. ಮೊದಲಾದರೆ ಬಿಲ್ ಏರಿದ ಕೂಡಲೇ ಮನೆಯಲ್ಲಿ ಚರ್ಚೆಯಾಗುತ್ತಿತ್ತು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಶೂನ್ಯ ಬಿಲ್ ಬರುವವರು ಯೂನಿಟ್ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟಿದ್ದಾರೆ. ಹಣ ಕಟ್ಟುವುದಿಲ್ಲವಾದರೂ ಬಿಲ್ಲಿನ ಯೂನಿಟ್ ಸಾಲನ್ನು ತಿಂಗಳು ತಿಂಗಳು ನೋಡಿ. ಕಾರಣವಿಲ್ಲದೆ ಏರಿದರೆ ಸೋರಿಕೆಯ ಮೊದಲ ಸುಳಿವು ಅಲ್ಲೇ ಸಿಗಬಹುದು. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ‘ಟಿ’ ಗುಂಡಿಯನ್ನೂ ಒತ್ತಿ.

ಎಚ್ಚರ

ಬೋರ್ಡ್ ಬಿಚ್ಚುವ ಕೆಲಸಕ್ಕೆ ನೀವು ಇಳಿಯಬೇಡಿ. ಯುಪಿಎಸ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೂ ಕೆಲವು ಪಾಯಿಂಟಿನಲ್ಲಿ ಕರೆಂಟು ಉಳಿದಿರುತ್ತದೆ, ಯುಪಿಎಸ್ಸನ್ನೂ ಆರಿಸಬೇಕು. ಆರ್‌ಸಿಸಿಬಿ ಇದೆಯೆಂದು ಮೈಮರೆಯಲೂ ಬಾರದು: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವೂ ಒಂದು ಬಲ್ಬಿನ ಹಾಗೆಯೇ. ಜನರೇಟರನ್ನು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಲೈನಿಗೆ ಎಂದೂ ಕೊಡಬೇಡಿ. ಆ ಕರೆಂಟು ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ 11,000 ವೋಲ್ಟ್ ಆಗಿ, ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನಿನ ಪ್ರಾಣ ತೆಗೆಯುತ್ತದೆ. ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಿದ್ದರೆ ಮೊದಲು ಮೇನ್ ಆಫ್, ಆಮೇಲೆ ಮುಟ್ಟುವುದು, ಕೂಡಲೇ 108.

ದೂರು ಎಲ್ಲಿ?

ಕಂಬದಿಂದ ಮೀಟರಿನವರೆಗಿನ ದೋಷ ಸೆಸ್ಕ್‌ನದು. 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೀಟರಿನಿಂದಾಚೆಯದು ನಿಮ್ಮದು, ನಿಮ್ಮ ಗುತ್ತಿಗೆದಾರರದು. ಮನೆ ನೋಡದೆ ಸಹಿ ಹಾಕಿದ್ದರೆ, ಪರ್ಮಿಟ್ ಇಲ್ಲದವರಿಂದ ಕೆಲಸ ಮಾಡಿಸಿದ್ದರೆ, ವರದಿಯ ಪ್ರತಿ ಮತ್ತು ಫೋಟೊಗಳನ್ನು ಲಗತ್ತಿಸಿ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಲಿಖಿತ ದೂರು ಕೊಡಿ. ಲೈಸೆನ್ಸ್ ಕೊಟ್ಟ ಇಲಾಖೆಗೇ ಅದನ್ನು ಪ್ರಶ್ನಿಸುವ ಅಧಿಕಾರವೂ ಇದೆ. ಕೊಟ್ಟ ಹಣ, ಆದ ನಷ್ಟ ವಾಪಸ್ ಬೇಕೆಂದರೆ ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಹಣ ಪಡೆದು ಮಾಡಿದ ವೈರಿಂಗ್ ಕೂಡ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯೇ. ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ತೊಂದರೆಯಾದ 2 ವರ್ಷದೊಳಗೆ ದೂರು ಕೊಡಬೇಕು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ಲು, ಒಪ್ಪಂದದ ಹಾಳೆ ಇಲ್ಲದೆ ಹೋದವರು ಬರಿಗೈಲಿ ಬರುವುದೇ ಹೆಚ್ಚು.

ಇಷ್ಟೆಲ್ಲ ಒಂದೇ ಸಲ ಆಗದಿದ್ದರೆ ಮೀಟರ್ ಬೋರ್ಡಿನ ಹತ್ತಿರ ಹೋಗಿ ಒಮ್ಮೆ ನೋಡಿ. ‘ಟಿ’ ಗುಂಡಿ ಇರುವ, 30 ಮಿಲಿ ಆಂಪಿಯರ್ ಎಂದು ಬರೆದಿರುವ ಸ್ವಿಚ್ ಅಲ್ಲಿ ಇಲ್ಲದಿದ್ದರೆ, ಬಚ್ಚಲಿನ ಗೀಸರು ಮತ್ತು ಸಂಪಿನ ಮೋಟರಿಗಾದರೂ ಈ ತಿಂಗಳೇ ಒಂದು ಹಾಕಿಸಿ.